ದರಿಯಾ ದೌಲತ್ತಿನ ಗೋಡೆಯ ಮೇಲೊಬ್ಬ ಸವಣೂರ ನವಾಬ

ಶ್ರೀರಂಗಪಟ್ಟಣಕ್ಕೆ ಹೋದವರು ರಂಗನಾಥನ ದರ್ಶನವನ್ನು ಮುಗಿಸಿಕೊಂಡು, ಕೋಟೆಯ ಹೊರಗೆ ಪೂರ್ವ ದಿಕ್ಕಿನಲ್ಲಿರುವ ದರಿಯಾ ದೌಲತ್ ಉದ್ಯಾನಕ್ಕೆ ಹೋಗುವುದು ವಾಡಿಕೆ. ೧೭೮೪ರಲ್ಲಿ ಟಿಪ್ಪು ಸುಲ್ತಾನನು ಬೇಸಿಗೆಯ ವಾಸಕ್ಕೆಂದು ಕಟ್ಟಿಸಿದ ಈ ಮರಗೆಲಸದ ಅರಮನೆ ೧೯೫೯ರಿಂದ ವಸ್ತುಸಂಗ್ರಹಾಲಯವಾಗಿದೆ. ಅಂದು ಅಪ್ಪಣೆಯಿಲ್ಲದೆ ಯಾರೂ ಕಾಲಿಡಲಾಗದಿದ್ದ ಪಡಸಾಲೆಯಲ್ಲಿ ಇಂದು ಶಾಲೆಯ ಮಕ್ಕಳು ಸಾಲುಗಟ್ಟಿ ನಡೆಯುತ್ತಾರೆ.

ಎಲ್ಲರೂ ಮೊದಲು ನೋಡುವುದು ಪಡುವಣ ಗೋಡೆಯನ್ನು. ೧೭೮೦ರಲ್ಲಿ ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿಯ ಸೇನೆಯು ಹೈದರನಿಗೂ ಟಿಪ್ಪುವಿಗೂ ಸೋತ ಕಥೆ ಅಲ್ಲಿ ಬಣ್ಣಬಣ್ಣವಾಗಿ ಹರಡಿದೆ. ಮೂಡಣ ಗೋಡೆಯ ಮುಂದೆ ನಿಲ್ಲುವವರು ಕಡಿಮೆ. ಅಲ್ಲಿರುವುದು ಅರಸರ ಒಡ್ಡೋಲಗಗಳು: ತಂಜಾವೂರು, ಕೊಡಗು, ಚಿತ್ರದುರ್ಗದ ಮದಕರಿ ನಾಯಕ, ಮಾಗಡಿಯ ಕೆಂಪೇಗೌಡ, ಅವರ ನಡುವೆ ಸವಣೂರಿನ ನವಾಬ! ಹಾವೇರಿಯ ಸೀಮೆಯಿಂದ ಹೋದವರಿಗೆ ಆ ಹೆಸರು ಕಿವಿಗೆ ಬಿದ್ದೊಡನೆ ಕಾಲು ತಾನಾಗಿ ನಿಲ್ಲುತ್ತದೆ.

ಸವಣೂರಿನ ಪಠಾಣ ಮನೆತನದ ಬಾಳು ಸುಖದ್ದಾಗಿರಲಿಲ್ಲ. ೧೭೫೬ರಲ್ಲಿ ಪೇಶ್ವೆಯ ಮುತ್ತಿಗೆಗೆ ಊರು ಮಣಿಯಿತು. ಬಳಿಕ ನವಾಬ ಅಬ್ದುಲ್ ಹಕೀಮ ಖಾನನು ಹೈದರನ ಮನೆಯೊಡನೆ ಮದುವೆಯ ನಂಟು ಬೆಳೆಸಿದನು. ಆದರೆ ನಂಟು ಊರನ್ನು ಕಾಯಲಿಲ್ಲ. ೧೭೮೬ರಲ್ಲಿ ಟಿಪ್ಪುವೇ ದಂಡೆತ್ತಿ ಬಂದಾಗ ನವಾಬನು ಮರಾಠರ ಪಾಳೆಯವನ್ನು ಆಶ್ರಯಿಸಬೇಕಾಯಿತು. ಸವಣೂರು ಟಿಪ್ಪುವಿನ ವಶವಾಯಿತು. ಬೀಗರ ಪಡಸಾಲೆಯಲ್ಲಿ ಮಾತ್ರ ನವಾಬನ ಓಲಗ ಇಂದಿಗೂ ನಡೆದೇ ಇದೆ.

ಈ ಚಿತ್ರವನ್ನು ಎಷ್ಟು ನಂಬಬಹುದು? ಅದೇ ಗೋಡೆಯಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರೂ ಇದ್ದಾರೆ. ಅವರು ಹುಟ್ಟಿದ್ದು ೧೭೯೪ರಲ್ಲಿ. ೧೭೮೪ರ ಅರಮನೆಗೆ ಅವರು ಬಂದುದು ಹೇಗೆ? ಗೋಡೆಯೇ ಉತ್ತರ ಹೇಳುತ್ತದೆ. ಮುತ್ತಿಗೆಯ ಕಾಲಕ್ಕೆ ಮೂಲ ಚಿತ್ರಗಳು ಅಳಿಸಿಹೋಗಿದ್ದವು. ೧೭೯೯ರ ತರುವಾಯ ಇಲ್ಲಿ ವಾಸಿಸಿದ ಆರ್ಥರ್ ವೆಲ್ಲೆಸ್ಲಿಯು ಅವನ್ನು ಮತ್ತೆ ಬರೆಯಿಸಿದನು. ಅವೂ ಮಾಸಿದಾಗ, ೧೮೫೫ರ ಸುಮಾರಿಗೆ ಡಾಲ್‌ಹೌಸಿಯು ಇನ್ನೊಮ್ಮೆ ಬಣ್ಣ ಹಾಕಿಸಿದನು. ಆದುದರಿಂದ ನಾವು ಕಾಣುವ ಮುಖವು ನವಾಬನದೇ ಎಂದು ಆಣೆಯಿಡಲಾಗದು. ಆದರೆ ಗೆದ್ದವರ ಕುಂಚವು ಎರಡು ಬಾರಿ ಆಡಿದರೂ ಸವಣೂರಿನ ಸ್ಥಾನ ಗೋಡೆಯಿಂದ ಕಳಚಿ ಹೋಗಲಿಲ್ಲವೆಂಬುದು ಸಣ್ಣ ಮಾತಲ್ಲ.

ಸವಣೂರು ಸಂಸ್ಥಾನವು ೧೯೪೮ರಲ್ಲಿ ಭಾರತದಲ್ಲಿ ವಿಲೀನವಾಯಿತು. ಇಂದು ಆ ಊರೆಂದರೆ ಜನ ನೆನೆಯುವುದು ವೀಳ್ಯದೆಲೆಯನ್ನು, ಸತ್ಯಬೋಧರ ಬೃಂದಾವನವನ್ನು, ಅಲ್ಲಿ ಹುಟ್ಟಿದ ವಿನಾಯಕ ಕೃಷ್ಣ ಗೋಕಾಕರನ್ನು. ನವಾಬರ ನೆನಪು ಹಿಂದೆ ಸರಿದಿದೆ. ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳಿಂದ ಮೈಸೂರಿನ ಪ್ರವಾಸಕ್ಕೆ ಮಕ್ಕಳನ್ನು ಕರೆದೊಯ್ಯುವ ಉಪಾಧ್ಯಾಯರಲ್ಲಿ ನನ್ನ ವಿನಂತಿ ಒಂದೇ: ಪೊಳ್ಳಿಲೂರಿನ ಆನೆ ಕುದುರೆಗಳನ್ನು ತೋರಿಸಿದ ಮೇಲೆ ಆ ಎಳೆಯರನ್ನು ಮೂಡಣ ಗೋಡೆಯೆದುರು ಐದು ನಿಮಿಷ ನಿಲ್ಲಿಸಿರಿ. ಚರಿತ್ರೆಯೆಂಬುದು ದೂರದ ದೊರೆಗಳಿಗೆ ಮಾತ್ರ ಸೇರಿದ್ದೆಂಬ ಭಾವನೆ ಅವರಲ್ಲಿ ಬೇರೂರುವ ಮುನ್ನ, ತಮ್ಮ ನೆರೆಯೂರಿನ ಹೆಸರನ್ನು ಅವರು ಅಲ್ಲಿ ಕೇಳಲಿ.