ಸಹಜವೆಂಬ ಏಳನೆಯ ಹುಬ್ಬು

ನನ್ನ ತರಗತಿಯಲ್ಲಿ ಕುಳಿತಿದ್ದವರಿಗೆಲ್ಲ ನನ್ನ ಹುಬ್ಬಿನ ನೆನಪು ಇದ್ದೇ ಇರುತ್ತದೆ. ಬೆತ್ತವನ್ನು ನಾನು ಕೈಯಲ್ಲಿ ಹಿಡಿದವಳಲ್ಲ. ಎಡಗಡೆಯ ಹುಬ್ಬನ್ನು ತುಸು ಏರಿಸಿದರೆ ಸಾಕು, ಹಿಂದಿನ ಬೆಂಚಿನ ಗದ್ದಲ ತಾನಾಗಿ ನಿಲ್ಲುತ್ತಿತ್ತು. ಹುಬ್ಬಿಗೆ ಇಷ್ಟೊಂದು ಶಕ್ತಿಯಿದೆಯೆಂದು ಆಗ ತಿಳಿದಿದ್ದರೂ, ಅದು ಒಬ್ಬರ ಬಾಳನ್ನೇ ಕಹಿ ಮಾಡಬಲ್ಲದೆಂಬುದು ಮಾತ್ರ ಕಳೆದ ವರ್ಷದವರೆಗೂ ನನ್ನ ಅರಿವಿಗೆ ಬಂದಿರಲಿಲ್ಲ.

ನನಗೆ ಬಂದದ್ದು ಅಪ್ಪನ ಮುಖ. ತಂಗಿಗೆ ಬಂದದ್ದು ಅಮ್ಮನ ಮುಖ: ಅಗಲವಾದ ಹಣೆ, ಕಣ್ಣಿನ ಮೇಲೆ ಬಾಗಿ ಕುಳಿತ ದಟ್ಟ ಹುಬ್ಬು. ಚಿಕ್ಕಂದಿನಲ್ಲಿ ಅವಳನ್ನು 'ಸಿಡುಕಿ' ಎಂದು ಕರೆದವಳು ನಾನೇ. ಮನೆಯವರೆಲ್ಲ ಆ ಹೆಸರನ್ನು ಹಿಡಿದರು. ಅವಳಷ್ಟು ಮೃದು ಸ್ವಭಾವದವರು ನಮ್ಮ ಮನೆಯಲ್ಲಿ ಮತ್ತೊಬ್ಬರಿಲ್ಲವೆಂಬುದು ಬಂಧುಗಳೆಲ್ಲರಿಗೂ ಗೊತ್ತು. ಆದರೆ ಬ್ಯಾಂಕಿನ ಕೌಂಟರಿನ ಮುಂದೆ ನಿಂತ ಗ್ರಾಹಕರಿಗೆ ಅದು ಹೇಗೆ ಗೊತ್ತಾಗಬೇಕು? ವಯಸ್ಸಾದಂತೆ ಹುಬ್ಬು ಇನ್ನಷ್ಟು ಇಳಿಯಿತು. "ಮೇಡಂ, ಏಕೆ ಸಿಟ್ಟು ಮಾಡಿಕೊಂಡಿದ್ದೀರಿ?" ಎಂಬ ಪ್ರಶ್ನೆಯನ್ನು ದಿನಕ್ಕೆ ನಾಲ್ಕು ಬಾರಿ ಕೇಳಿಸಿಕೊಂಡು ಅವಳು ನಿವೃತ್ತಳಾದಳು.

ಕಳೆದ ವರ್ಷ ದೀಪಾವಳಿಗೆ ಬಂದವಳು, ಹೂರಣ ರುಬ್ಬುತ್ತ ಕುಳಿತಾಗ, "ಅಕ್ಕಾ, ಹುಬ್ಬು ಎತ್ತಿಸಿಕೊಳ್ಳುವ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳೋಣವೆಂದಿದ್ದೇನೆ" ಎಂದಳು. ನಾನು ನಕ್ಕೆ. ಅನಂತರ ಗದರಿದೆ. ಐವತ್ತೊಂಬತ್ತನೆಯ ವಯಸ್ಸಿನಲ್ಲಿ ಇದೇನು ಶೋಕಿ ಎಂದೆ. ಅವಳು ಉತ್ತರಿಸಲಿಲ್ಲ, ಎದ್ದು ಒಳಗೆ ಹೋದಳು.

ನನ್ನ ಗದರಿಕೆಯ ಹಿಂದೆ ಎರಡು ಕಾರಣಗಳಿದ್ದವು. ದೂರದ ಸಂಬಂಧಿಯೊಬ್ಬರು (ಯಾರೆಂದು ಹೇಳಲಾರೆ, ನೀವೂ ಊಹಿಸಹೋಗಬೇಡಿ) ಇದೇ ಚಿಕಿತ್ಸೆಯನ್ನು ಹಿಂದೆ ಮಾಡಿಸಿಕೊಂಡಿದ್ದರು. ಸಾವಿನ ಮನೆಯೊಂದರಲ್ಲಿ ಅವರು ನನ್ನ ಪಕ್ಕದಲ್ಲೇ ಕುಳಿತಿದ್ದರು. ಕಣ್ಣಿನಿಂದ ನೀರು ಸುರಿಯುತ್ತಿದ್ದರೂ ಹುಬ್ಬುಗಳು ಮಾತ್ರ ಏನೋ ಚೋದ್ಯವನ್ನು ಕಂಡಂತೆ ಮೇಲೇರಿಯೇ ನಿಂತಿದ್ದವು. ಅವರ ದುಃಖಕ್ಕೆ ಮುಖದಲ್ಲಿ ಜಾಗವೇ ಇರಲಿಲ್ಲ. ಎರಡನೆಯ ಕಾರಣವನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ಅಮ್ಮ ತೀರಿಕೊಂಡು ಹದಿನಾಲ್ಕು ವರ್ಷಗಳಾದವು. ಆ ಮುಖ ಇನ್ನು ಉಳಿದಿರುವುದು ತಂಗಿಯಲ್ಲಿ ಮಾತ್ರ.

ಆದರೂ ಬೆಂಗಳೂರಿನಲ್ಲಿ ಪ್ಲಾಸ್ಟಿಕ್ ಸರ್ಜನ್ ಒಬ್ಬರನ್ನು ಕಾಣಲು ಹೊರಟಾಗ ಜೊತೆಗೆ ಹೋದೆ. ವಾದಿಸಿ ಅವಳನ್ನು ಹಿಂದಕ್ಕೆ ಕರೆತರಬಹುದೆಂಬ ಎಣಿಕೆ ನನ್ನದು. ವೈದ್ಯರು ಮೊದಲು ಕೇಳಿದ್ದು ಅವಳ ಮೂವತ್ತರ ಹರೆಯದ ಭಾವಚಿತ್ರಗಳನ್ನು. ಹುಬ್ಬನ್ನು ಎಲ್ಲಿಗೆ ಎತ್ತಬೇಕೆಂಬುದು ಸಿನಿಮಾ ನಟಿಯರನ್ನು ನೋಡಿ ತಿಳಿಯುವುದಲ್ಲ, ಅದು ಮೊದಲು ಎಲ್ಲಿತ್ತೆಂಬುದನ್ನು ನೋಡಿ ತಿಳಿಯುವುದು ಎಂದರು. ಆ ಮಾತಿಗೆ ನನ್ನ ಮನಸ್ಸು ಅರ್ಧ ಒಲಿಯಿತು. ಬಳಿಕ ಅವಳ ಕೈಗೆ ಕನ್ನಡಿಯನ್ನು ಕೊಟ್ಟು, ಕಣ್ಣು ಮುಚ್ಚಿ ಹಣೆಯನ್ನು ಸಡಿಲ ಬಿಡುವಂತೆ ಹೇಳಿದರು. ಮೆಲ್ಲಗೆ ಕಣ್ಣು ತೆರೆದಾಗ ಹುಬ್ಬು ನಾವು ದಿನವೂ ಕಾಣುವುದಕ್ಕಿಂತಲೂ ಕೆಳಗಿತ್ತು! ಇಳಿದ ಹುಬ್ಬನ್ನು ಎತ್ತಿ ಹಿಡಿಯಲು ಆಕೆಯ ಹಣೆ ಹಗಲೆಲ್ಲ ದುಡಿಯುತ್ತಿತ್ತು. ಅಡ್ಡಗೆರೆಗಳು ಅದರ ಗುರುತು. ಸಂಜೆ ಹಣೆ ಬಿಗಿದು ನೋಯುವುದಕ್ಕೂ ಅದೇ ಕಾರಣವಿರಬಹುದೆಂದರು.

ಪಾಠ ಮಾಡುವ ಚಾಳಿ ನನ್ನನ್ನು ಬಿಟ್ಟಿಲ್ಲವಾದ್ದರಿಂದ, ಅವರಿಂದ ತಿಳಿದುದನ್ನು ನಿಮಗೂ ಹೇಳಿಬಿಡುತ್ತೇನೆ. ಹುಬ್ಬನ್ನು ಮೇಲೆತ್ತುವ ಸ್ನಾಯು ಹಣೆಯದೊಂದೇ. ಕೆಳಗೆಳೆಯುವವು ಹಲವು: ಹುಬ್ಬುಗಳ ನಡುವೆ ಗಂಟಿಕ್ಕುವವು, ಮೂಗಿನ ಬುಡದ್ದು, ಕಣ್ಣನ್ನು ಸುತ್ತುವರಿದಿರುವುದು. ಹಣೆಯ ಸ್ನಾಯು ಹುಬ್ಬಿನ ಹೊರತುದಿಯವರೆಗೆ ಚಾಚಿಕೊಂಡಿಲ್ಲ. ಆದ್ದರಿಂದ ಮೊದಲು ಜೋಲುವುದು ಆ ತುದಿಯೇ. ಅನೇಕರು ಇದನ್ನು ಕಣ್ಣುರೆಪ್ಪೆಯ ದೋಷವೆಂದು ಭಾವಿಸಿ ರೆಪ್ಪೆಯ ಚರ್ಮವನ್ನಷ್ಟೇ ತೆಗೆಸಿಕೊಳ್ಳುತ್ತಾರೆ. ರೆಪ್ಪೆಯ ಭಾರ ಕಳೆದೊಡನೆ ಹಣೆ ತನ್ನ ದುಡಿಮೆಯನ್ನು ನಿಲ್ಲಿಸುತ್ತದೆ, ಹುಬ್ಬು ಮತ್ತಷ್ಟು ಕುಸಿಯುತ್ತದೆ. ರೆಪ್ಪೆಯಿಂದ ವಿಪರೀತ ಚರ್ಮ ತೆಗೆದ ಮೇಲೆ ಹುಬ್ಬನ್ನು ಎತ್ತಹೋದರೆ ಕಣ್ಣು ಪೂರ್ತಿ ಮುಚ್ಚದೆ ಒಣಗುವ ಅಪಾಯವೂ ಉಂಟು.

ಚಿಕಿತ್ಸೆಯ ಮಾರ್ಗಗಳು ಹಲವು. ಹಳೆಯದು, ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ ನೆತ್ತಿಯ ಮೇಲೆ ಕೂದಲಿನೊಳಗೆ ಕೊಯ್ಯುವುದು. ಅದರಲ್ಲಿ ಕೂದಲಿನ ಅಂಚು ಹಿಂದಕ್ಕೆ ಸರಿಯುತ್ತದೆ. ತಂಗಿಯಂತಹ ಅಗಲ ಹಣೆಯವರಿಗೆ ಅದು ಸಲ್ಲದು. ಅಂಥವರಿಗೆ ಕೂದಲಿನ ಅಂಚಿನಲ್ಲೇ ಕೊಯ್ಯುವುದುಂಟು. 1990ರ ದಶಕದ ಆರಂಭದಿಂದ ಬಳಕೆಗೆ ಬಂದದ್ದು ಎಂಡೋಸ್ಕೋಪ್ ವಿಧಾನ: ಕೂದಲಿನೊಳಗೆ ನಾಲ್ಕೈದು ಸಣ್ಣ ಗಾಯಗಳನ್ನು ಮಾಡಿ, ಒಳಗೆ ಕ್ಯಾಮೆರಾ ತೂರಿಸಿ, ಹಣೆಯ ಪದರವನ್ನು ಮೂಳೆಯಿಂದ ಬಿಡಿಸಿ ಮೇಲಕ್ಕೆಳೆದು ಕಟ್ಟುವುದು. ತಲೆ ಬೋಳಾದ ಗಂಡಸರಿಗೆ ಹಣೆಯ ಸುಕ್ಕಿನಲ್ಲೋ ಹುಬ್ಬಿನ ಮೇಲಂಚಿನಲ್ಲೋ ಗಾಯವನ್ನು ಅಡಗಿಸುತ್ತಾರಂತೆ. ಬೋಟಾಕ್ಸ್ ಚುಚ್ಚುಮದ್ದು ಕೆಳಗೆಳೆಯುವ ಸ್ನಾಯುಗಳನ್ನು ದುರ್ಬಲಗೊಳಿಸಿ ಹುಬ್ಬನ್ನು ಕೆಲವೇ ಮಿಲಿಮೀಟರ್ ಏರಿಸಬಲ್ಲದು. ಮೂರು ನಾಲ್ಕು ತಿಂಗಳಲ್ಲಿ ಅದರ ಪ್ರಭಾವ ಮುಗಿಯುತ್ತದೆ.

ಸಾವಿನ ಮನೆಯಲ್ಲಿ ಕಂಡ ಆ ಮುಖವನ್ನು ನಾನು ಬಣ್ಣಿಸಿದಾಗ ವೈದ್ಯರು ಕೂಡಲೇ ಗುರುತಿಸಿದರು. ಹುಬ್ಬಿನ ಒಳತುದಿಯನ್ನು ಅತಿಯಾಗಿ ಎತ್ತಿದರೆ ಆಗುವುದು ಹಾಗೆಯೇ. ಹೆಂಗಸರಿಗೆ ಹೊರಭಾಗ ತುಸು ಏರಿ ಬಾಗಿದ್ದರೆ ಚೆಂದ. ಗಂಡಸಿನ ಹುಬ್ಬು ಮೂಳೆಯ ಅಂಚಿನಲ್ಲೇ ಹೆಚ್ಚುಕಡಿಮೆ ನೇರವಾಗಿರಬೇಕು, ಅದಕ್ಕೆ ಹೆಣ್ಣಿನ ಬಾಗು ಕೊಟ್ಟರೆ ಎದ್ದು ಕಾಣುತ್ತದೆ. ಗಂಟಿಕ್ಕುವ ಸ್ನಾಯುಗಳನ್ನು ಪೂರ್ತಿ ಕತ್ತರಿಸಿದರೆ ಹುಬ್ಬುಗಳು ಒಂದಕ್ಕೊಂದು ದೂರ ಸರಿದು ಮುಖ ಬೇರೆಯೇ ಆಗಬಹುದು. ಆದ್ದರಿಂದ ಸ್ವಲ್ಪವಷ್ಟೇ ಸಡಿಲಿಸುವೆನೆಂದರು.

ಆ ಕ್ಷಣದಲ್ಲಿ ನನಗೆ ಭರತಮುನಿ ನೆನಪಾದ. ಶಾಲೆಯ ನಾಟಕಗಳನ್ನು ಕಲಿಸುತ್ತಿದ್ದ ಕಾಲದಲ್ಲಿ ನಾಟ್ಯಶಾಸ್ತ್ರವನ್ನು ಅಷ್ಟಿಷ್ಟು ಓದಿದ್ದೆ. ಹುಬ್ಬಿನ ಚಲನೆಗಳು ಏಳು: ಉತ್ಕ್ಷೇಪ, ಪಾತನ, ಭ್ರುಕುಟಿ, ಚತುರ, ಕುಂಚಿತ, ರೇಚಿತ, ಕೊನೆಯದು ಸಹಜ. ಏನೂ ಮಾಡದೆ ತನ್ನ ನೆಲೆಯಲ್ಲಿರುವುದನ್ನೂ ಆ ಮಹಾನುಭಾವ ಒಂದು ಅಭಿನಯವೆಂದೇ ಎಣಿಸಿದ್ದಾನೆ. ನನ್ನ ಸಂಬಂಧಿಗೆ ಉತ್ಕ್ಷೇಪವೊಂದೇ ಉಳಿದಿತ್ತು. ತಂಗಿ ಹುಟ್ಟಿದಂದಿನಿಂದ ಭ್ರುಕುಟಿಯನ್ನು ಹೊತ್ತುಕೊಂಡು ತಿರುಗಿದ್ದಳು. ಅವಳು ಬೇಡುತ್ತಿದ್ದುದು ಚೆಲುವನ್ನಲ್ಲ, ಆ ಏಳನೆಯದನ್ನು. ಮರಳುವಾಗ ಆಟೋದಲ್ಲಿ ಅವಳಿಗೆ 'ಸಿಡುಕಿ' ಎಂಬ ಹೆಸರಿನ ಬಗ್ಗೆ ಕ್ಷಮೆ ಕೇಳಿದೆ. "ಈಗ ನೆನಪಾಯಿತೇ ನಿನಗೆ!" ಎಂದು ನಕ್ಕಳು. ಕಣ್ಣು ಒದ್ದೆಯಾಗಿತ್ತು.

ಶಸ್ತ್ರಚಿಕಿತ್ಸೆ ಪೂರ್ಣ ಅರಿವಳಿಕೆಯಲ್ಲಿ ನಡೆಯಿತು. ಅಪಾಯಗಳನ್ನು ವೈದ್ಯರು ಮುಚ್ಚಿಟ್ಟಿರಲಿಲ್ಲ: ನೆತ್ತಿ ಜೋಮು ಹಿಡಿಯುವುದು, ಗಾಯದ ಬಳಿ ಕೂದಲು ಉದುರುವುದು, ಎರಡು ಹುಬ್ಬುಗಳು ಸಮವಾಗದಿರುವುದು, ಅಪರೂಪಕ್ಕೆ ಹಣೆಯ ನರಕ್ಕೆ ಪೆಟ್ಟಾಗಿ ಹುಬ್ಬು ಏಳದಿರುವುದು. ರಕ್ತವನ್ನು ತೆಳುವಾಗಿಸುವ ಮಾತ್ರೆ ನುಂಗುವವರು ಅದನ್ನು ಮೊದಲೇ ತಿಳಿಸಬೇಕು, ತಾವಾಗಿಯೇ ನಿಲ್ಲಿಸಲೂಬಾರದು. ಮೂರನೆಯ ದಿನ ಊತವೆಲ್ಲ ಕಣ್ಣಿಗಿಳಿದು ಮುಖ ನೋಡಲಾಗದಂತಾಯಿತು. ಎರಡು ದಿಂಬುಗಳನ್ನಿಟ್ಟು ತಲೆ ಎತ್ತರಿಸಿ ಮಲಗಿಸುತ್ತಿದ್ದೆ. ಕನ್ನಡಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಹುಬ್ಬು ಆಗ ಬೇಕಾದದ್ದಕ್ಕಿಂತ ಮೇಲಿತ್ತು. ಇಳಿಯುತ್ತದೆಂದು ವೈದ್ಯರು ಹೇಳಿದ್ದರೂ ರಾತ್ರಿ ನನಗೆ ನಿದ್ದೆ ಬರುತ್ತಿರಲಿಲ್ಲ. ಎರಡು ವಾರಗಳಲ್ಲಿ ಕಪ್ಪು ಕಲೆಗಳು ಮಾಸಿದವು. ನೆತ್ತಿಯ ಜೋಮು ನವೆಯಾಗಿ ತಿರುಗಿ ತಿಂಗಳುಗಟ್ಟಲೆ ಕಾಡಿತು.

ನಾಲ್ಕು ತಿಂಗಳ ಬಳಿಕ ಅಮ್ಮನ ತಿಥಿಗೆ ಎಲ್ಲರೂ ಸೇರಿದ್ದೆವು. "ಒಳ್ಳೆಯ ನಿದ್ದೆ ಮಾಡಿದ ಹಾಗಿದ್ದೀರಿ, ಅತ್ತೆ" ಎಂದು ಸೋದರಳಿಯನ ಹೆಂಡತಿ ಹೇಳಿದಳೇ ಹೊರತು ಯಾರೂ ಏನನ್ನೂ ಕೇಳಲಿಲ್ಲ. ನಾನು ಮಾತ್ರ ಗೋಡೆಯ ಮೇಲಿನ ಪಟವನ್ನೂ ತಂಗಿಯನ್ನೂ ಕದ್ದು ಕದ್ದು ಹೋಲಿಸುತ್ತಿದ್ದೆ. ಅಷ್ಟರಲ್ಲಿ ಅಡುಗೆಯವರು ವಡೆಯ ಹಿಟ್ಟನ್ನು ನೀರು ಮಾಡಿಬಿಟ್ಟಿದ್ದಾರೆಂದು ಒಳಗಿನಿಂದ ಯಾರೋ ಕೂಗಿದರು. ತಂಗಿ ಎದ್ದು ಹೋಗಿ ಪಾತ್ರೆಯೊಳಗೆ ಬಗ್ಗಿ ನೋಡಿದಳು. ಹುಬ್ಬುಗಳ ನಡುವೆ ಎರಡು ಗೆರೆಗಳು ಮೂಡಿದವು. ಅಮ್ಮ ಹಿಟ್ಟು ನೋಡುತ್ತಿದ್ದುದೂ ಹಾಗೆಯೇ.

"ಏನಕ್ಕಾ, ಹಾಗೆ ನೋಡುತ್ತಿದ್ದೀ?" ಎಂದಳು.

"ಏನಿಲ್ಲ. ಸ್ವಲ್ಪ ಅಕ್ಕಿಹಿಟ್ಟು ಬೆರೆಸು" ಎಂದೆ.