ಮುರಿದ ಮನಸ್ಸೂ ಹೊಸ ಪರಿಚಯವೂ

ಗಾಯವಾದ ಕೈಗೆ ಭಾರ ಹೊರಿಸಬಾರದೆಂಬುದನ್ನು ಗೃಹಸ್ಥರೆಲ್ಲರೂ ಬಲ್ಲರು. ಕೈಗೆ ಸುತ್ತಿದ ಬಟ್ಟೆ ಕಣ್ಣಿಗೆ ಕಾಣುವುದರಿಂದ ಮನೆಯವರು ತಾವಾಗಿಯೇ ಎಚ್ಚರದಿಂದಿರುವರು. ಮನಸ್ಸಿಗೆ ಬಿದ್ದ ಪೆಟ್ಟಿಗಾದರೋ ಅಂಥ ಗುರುತಿಲ್ಲ. ಆದುದರಿಂದಲೇ ಪ್ರೇಮದಲ್ಲಿ ನೊಂದ ತರುಣರಿಗೆ ಹಿರಿಯರು ಹೇಳತಕ್ಕ ಸಮಾಧಾನವು ಸಾಮಾನ್ಯವಾಗಿ ಎರಡೇ ಬಗೆಯದಾಗಿರುತ್ತದೆ: “ಮರೆತುಬಿಡು” ಎಂಬುದೊಂದು, “ಬೇರೆ ಕಡೆ ನೋಡೋಣ” ಎಂಬುದು ಇನ್ನೊಂದು.

ನಮ್ಮ ತಮ್ಮನ ಮಗಳು ಕೆಲವು ತಿಂಗಳಿಂದ ನಮ್ಮಲ್ಲಿಯೇ ಇದ್ದಾಳೆ. ಮೂರು ವರ್ಷ ಬೆಳೆದ ಸ್ನೇಹವೊಂದು, ವಿವಾಹದ ಮಾತು ನಡೆಯುತ್ತಿರುವಾಗಲೇ, ಆ ತರುಣನ ಮನಸ್ಸು ತಿರುಗಿದ್ದರಿಂದ ಮುರಿದುಹೋಯಿತು. ಹದಿನೈದು ದಿನ ಕಳೆಯುವುದರೊಳಗೆ ಬಂಧುಗಳಿಂದ ಜಾತಕಗಳು ಬರತೊಡಗಿದುವು. ಅವಳು ಯಾವುದಕ್ಕೂ ಬೇಡವೆನ್ನಲಿಲ್ಲ, ಬೇಕೆನ್ನಲೂ ಇಲ್ಲ. ಒಂದು ದಿನ ಮಾತ್ರ, “ದೊಡ್ಡಪ್ಪ, ಬಿಡುವಿದ್ದರೆ ಇದೊಂದನ್ನು ನೋಡಿ” ಎಂದು ಒಂದು ಚಲಚ್ಚಿತ್ರವನ್ನು ನಮ್ಮೆದುರಿಗಿಟ್ಟಳು. ಅದರ ಹೆಸರು ‘ವನ್ಸ್’. ಎಂದರೆ ‘ಒಂದಾನೊಂದು ಸಲ’ ಎಂದು ಅರ್ಥಮಾಡಬಹುದು.

ಇದು ಐರ್ಲೆಂಡಿನ ಚಿತ್ರ. ಜಾನ್ ಕಾರ್ನೀ ಎಂಬವರು ಇದನ್ನು ಡಬ್ಲಿನ್ ನಗರದಲ್ಲಿ ಸುಮಾರು 17 ದಿನಗಳಲ್ಲಿ ಅತ್ಯಲ್ಪ ವೆಚ್ಚದಿಂದ ತೆಗೆದರು. ನಾಯಕನಾದ ಗ್ಲೆನ್ ಹ್ಯಾನ್ಸರ್ಡ್, ನಾಯಿಕೆಯಾದ ಮಾರ್ಕೇಟಾ ಇರ್ಗ್ಲೋವಾ, ಇಬ್ಬರೂ ನಟನೆಯಿಂದ ಜೀವಿಸುವವರಲ್ಲ, ಸಂಗೀತಗಾರರು. 2007ರಲ್ಲಿ ಚಿತ್ರವು ಲೋಕಕ್ಕೆ ತಿಳಿಯಿತು. 2008ರಲ್ಲಿ ಅವರಿಬ್ಬರ ಒಂದು ಹಾಡಿಗೆ ಅಮೆರಿಕೆಯ ಆಸ್ಕರ್ ಪ್ರಶಸ್ತಿಯೂ ದೊರೆಯಿತು.

ಕಥೆ ಸರಳವಾದುದು. ನಾಯಕನು ತಂದೆಯ ಅಂಗಡಿಯಲ್ಲಿ ವ್ಯಾಕ್ಯೂಮ್ ಕ್ಲೀನರುಗಳನ್ನು ದುರಸ್ತಿ ಮಾಡುವವನು. ಬಿಡುವಿನಲ್ಲಿ ಗ್ರಾಫ್ಟನ್ ಬೀದಿಯಲ್ಲಿ ನಿಂತು ಗಿಟಾರ್ ಹಿಡಿದು ಹಾಡುವವನು. ಹಗಲಿನಲ್ಲಿ ಜನ ಬಲ್ಲ ಹಾಡುಗಳನ್ನು ಕಾಸಿಗಾಗಿ ಹಾಡುವನು. ರಾತ್ರಿಯಾದ ಮೇಲೆ, ತನ್ನನ್ನು ವಂಚಿಸಿ ಲಂಡನ್ನಿಗೆ ಹೋದವಳನ್ನು ನೆನೆದು ತಾನೇ ಕಟ್ಟಿದ ಹಾಡುಗಳನ್ನು ಹಾಡುವನು. ಚೆಕ್ ದೇಶದಿಂದ ಬಂದ, ಬೀದಿಯಲ್ಲಿ ಹೂ ಮಾರುವ ತರುಣಿಯೊಬ್ಬಳು ಅದನ್ನು ಕೇಳಿ ಹತ್ತು ಸೆಂಟು ಹಾಕಿ, ಇದನ್ನು ಯಾರಿಗಾಗಿ ಬರೆದೆಯೆಂದು ಕೇಳುತ್ತಾಳೆ. ಮರುದಿನ ತನ್ನ ಕೆಟ್ಟ ಯಂತ್ರವನ್ನು ಸಾಕುನಾಯಿಯಂತೆ ಬೀದಿಯಲ್ಲಿ ಎಳೆದುಕೊಂಡು ಬರುತ್ತಾಳೆ. ಪರಿಚಯ ಬೆಳೆಯುವುದು ಹೀಗೆ. ಅವಳಿಗೆ ತಾಯಿಯೂ ಚಿಕ್ಕ ಮಗಳೂ ಇರುವರು. ಗಂಡ ಸ್ವದೇಶದಲ್ಲಿ ದೂರವಾಗಿರುವನು. ಮನೆಯಲ್ಲಿ ಪಿಯಾನೋ ಇಲ್ಲದ್ದರಿಂದ, ಸಂಗೀತವಾದ್ಯಗಳ ಅಂಗಡಿಯವನ ದಾಕ್ಷಿಣ್ಯದಿಂದ ಅಲ್ಲಿ ನುಡಿಸಿಬರುವಳು. ಒಂದು ರಾತ್ರಿ ಅವನ ರಾಗಕ್ಕೆ ಮಾತು ಹೊಂದಿಸುತ್ತಿರುವಾಗ ಯಂತ್ರದ ಬ್ಯಾಟರಿ ಮುಗಿದುಹೋಗಲು, ಮಗಳ ಹುಂಡಿಯಿಂದ ಸಾಲವಾಗಿ ಕಾಸು ತೆಗೆದುಕೊಂಡು ಅಂಗಡಿಗೆ ನಡೆಯುತ್ತಾಳೆ. ಬಡವರ ಮನೆಯ ಸಂಗೀತವನ್ನು ಇಷ್ಟು ನಿಜವಾಗಿ ತೋರಿಸಿದ ಚಿತ್ರಗಳನ್ನು ನಾವು ಹೆಚ್ಚು ನೋಡಿಲ್ಲ.

ಈ ಇಬ್ಬರಿಗೂ ಕಥೆಯಲ್ಲಿ ಹೆಸರಿಲ್ಲ. ಇದನ್ನು ಕಂಡೊಡನೆ ನಮಗೆ ಮೇಘದೂತದ ಯಕ್ಷನು ನೆನಪಾದನು. ಕಾಳಿದಾಸನೂ ಅವನನ್ನು ಯಾರೋ ಒಬ್ಬ ಯಕ್ಷನೆಂದಷ್ಟೇ ಹೇಳಿ ಬಿಟ್ಟಿರುವನು. ವಿರಹಿಗೆ ಹೆಸರಿಡದಿದ್ದರೆ ಪ್ರತಿಯೊಬ್ಬ ಓದುಗನ ಹೆಸರೂ ಅಲ್ಲಿ ಹೊಂದುವುದು. ಆದರೆ ಇಬ್ಬರ ಸ್ಥಿತಿಯಲ್ಲಿ ಒಂದು ಭೇದವುಂಟು. ಯಕ್ಷನ ಶಾಪಕ್ಕೆ ಒಂದು ವರ್ಷವೆಂಬ ಅವಧಿಯಿತ್ತು, ಅಳಕೆಯಲ್ಲಿ ಕಾದಿರುವವಳಿದ್ದಳು. ಸಾಹಿತ್ಯದರ್ಪಣಕಾರನು ವಿಪ್ರಲಂಭವನ್ನು ಪೂರ್ವರಾಗ, ಮಾನ, ಪ್ರವಾಸ, ಕರುಣವೆಂದು ನಾಲ್ಕಾಗಿ ವಿಂಗಡಿಸಿದನು. ನಾಲ್ಕರಲ್ಲಿಯೂ ಎಲ್ಲಿಯೋ ಒಂದು ಕಡೆ ಸಮಾಗಮದ ಆಶೆ ಇದ್ದೇ ಇರುವುದು. ಇಬ್ಬರೂ ಬದುಕಿದ್ದು, ಒಬ್ಬರ ಮನಸ್ಸು ಮಾತ್ರ ತಿರುಗಿಹೋದರೆ ಉಳಿದವರ ದುಃಖಕ್ಕೆ ಅಲ್ಲಿ ಸ್ಥಳವಿಲ್ಲ. ಒಬ್ಬರಲ್ಲಿಯೇ ಉಳಿದ ರತಿಯನ್ನು ಆಲಂಕಾರಿಕರು ರಸಾಭಾಸವೆಂದು ಕರೆದರು. ಶಾಸ್ತ್ರದ ಮಟ್ಟಿಗೆ ಅದು ಸರಿಯಿರಬಹುದು. ಆದರೆ ರಾತ್ರಿ ನಿದ್ರೆಯಿಲ್ಲದೆ ಕಿಟಕಿಯ ಬಳಿ ಕುಳಿತಿರುವ ಹುಡುಗಿಗೆ, ನಿನ್ನದು ಆಭಾಸವೆಂದು ಹೇಳಲು ಯಾವ ದೊಡ್ಡಪ್ಪನಿಗೆ ತಾನೆ ನಾಲಗೆ ಏಳುವುದು?

ಪಶ್ಚಿಮ ದೇಶಗಳವರು ‘ಡೇಟಿಂಗ್’ ಎಂಬ ಪದ್ಧತಿಯಿಂದ ಒಬ್ಬರನ್ನೊಬ್ಬರು ಅರಿತುಕೊಳ್ಳುವರು. ಈಗ ನಮ್ಮ ಪಟ್ಟಣಗಳಲ್ಲಿಯೂ ಅದು ಅಪರೂಪವಲ್ಲ. ಚಿತ್ರದ ನಾಯಕನು ಮೊದಲು ಮಾಡಿದ್ದೂ ಅವಸರವೇ. ಪರಿಚಯವಾದ ಸ್ವಲ್ಪ ಕಾಲದಲ್ಲಿಯೇ ರಾತ್ರಿ ಇಲ್ಲಿಯೇ ಉಳಿಯೆಂದು ಕೇಳುತ್ತಾನೆ. ಅವಳು ಕೋಪಿಸಿಕೊಂಡು ಹೊರಟುಹೋಗುತ್ತಾಳೆ. ಮರುದಿನ ಅವನು ಕ್ಷಮೆ ಬೇಡುತ್ತಾನೆ. ಆಮೇಲಣ ಸ್ನೇಹವೇ ಚಿತ್ರದ ಸಾರ. ಹಳೆಯ ನೋವನ್ನು ಮರೆಯೆಂದು ಅವಳು ಅವನಿಗೆ ಹೇಳುವುದಿಲ್ಲ. ಅದೇ ನೋವಿನ ಹಾಡುಗಳನ್ನು ಅವನೊಡನೆ ಕೂಡಿ ಹಾಡುತ್ತಾಳೆ.

ಒಮ್ಮೆ ಅವನು, ಗಂಡನನ್ನು ಪ್ರೀತಿಸುವೆಯಾ ಎಂಬುದನ್ನು ಅವಳ ಭಾಷೆಯಲ್ಲಿಯೇ ಕೇಳುತ್ತಾನೆ. ಅವಳೂ ಚೆಕ್ ಭಾಷೆಯಲ್ಲಿ ಉತ್ತರ ಹೇಳಿ ನಡೆದುಬಿಡುವಳು. ಚಿತ್ರದವರು ಅದಕ್ಕೆ ಅನುವಾದ ಕೊಟ್ಟಿಲ್ಲ. ತಾನು ಪ್ರೀತಿಸುವುದು ಅವನನ್ನೇ ಎಂಬುದು ಅದರ ಅರ್ಥವೆಂದು ಭಾಷೆ ಬಲ್ಲವರು ಹೇಳುವರು. ಆದರೂ ಇಬ್ಬರೂ ಕೂಡುವುದಿಲ್ಲ. ಅವಳ ಗಂಡ ಡಬ್ಲಿನ್ನಿಗೆ ಬರುತ್ತಾನೆ. ನಾಯಕನು ಅವಳಿಗೊಂದು ಪಿಯಾನೋ ಕೊಂಡು ಕಳುಹಿಸಿ, ಹಳಬಳನ್ನು ಕಾಣಲು ಲಂಡನ್ನಿಗೆ ಹೊರಡುತ್ತಾನೆ.

ಚಿತ್ರ ಮುಗಿದ ಮೇಲೆ ನಮ್ಮ ಮನೆಯವರು, “ಇಷ್ಟಾಗಿಯೂ ಮದುವೆಯಾಗಲಿಲ್ಲವಲ್ಲ!” ಎಂದು ಪೇಚಾಡಿದರು. ಅದಕ್ಕೆ ಮಗು, “ದೊಡ್ಡಮ್ಮ, ಅವನಿಗೆ ಮತ್ತೆ ಹಾಡಲು ಬಂತಲ್ಲ, ಅದು ಸಾಲದೇ?” ಎಂದಳು. ತಿಂಗಳುಗಳ ಮೇಲೆ ಅವಳು ಮನಸ್ಸು ಬಿಚ್ಚಿ ಆಡಿದ ಮೊದಲ ಮಾತು ಅದು.

ಹೊಸ ಪರಿಚಯವು ಹಳೆಯ ಗಾಯಕ್ಕೆ ಔಷಧವೆಂದು ತಿಳಿದು ಅವಸರಪಟ್ಟರೆ ಇಬ್ಬರಿಗೂ ಅನ್ಯಾಯವಾಗುವುದು. ಬಂದವನನ್ನು ಅವನಿಗಾಗಿ ನೋಡದೆ ಹೋದವನ ಬದಲಾಗಿ ನೋಡಿದಂತಾಗುವುದು. ಆದುದರಿಂದ ನಾವು ತಮ್ಮನಿಗೆ ಕಾಗದ ಬರೆದು, ಅವಳು ತಾನಾಗಿ ಕೇಳುವವರೆಗೆ ಯಾವ ಜಾತಕವನ್ನೂ ಕಳುಹಿಸಬಾರದೆಂದು ತಿಳಿಸಿದೆವು. ತಮ್ಮನಿಗೆ ಕೋಪ ಬಂದಿದೆ. ವಯಸ್ಸು ನಿಲ್ಲುವುದೇ ಎಂದು ಕೇಳಿದ್ದಾನೆ. ತಂದೆಯಾದವನ ಭಯವನ್ನು ನಾವು ಹಗುರವಾಗಿ ಕಾಣುವವರಲ್ಲ. ಈಚೆಗೆ ಅವಳು ಕಛೇರಿಯ ಸ್ನೇಹಿತನೊಬ್ಬನೊಡನೆ ಕೆಲವು ಸಂಜೆ ಕಚೇರಿ ಕೇಳಲು ಹೋಗುವುದುಂಟು. ಅದು ಸ್ನೇಹವೋ, ಅದಕ್ಕಿಂತ ಹೆಚ್ಚಿನದೋ, ನಾವು ವಿಚಾರಿಸಿಲ್ಲ. ಹಿಂದಿರುಗಿ ಬಂದಾಗ, “ಹಾಡುಗಾರಿಕೆ ಹೇಗಿತ್ತಮ್ಮ?” ಎಂದಷ್ಟೇ ಕೇಳುತ್ತೇವೆ.