ಬೆಸುಗೆ ಕಡ್ಡಿಯ ಗುರುತು

ಬೆಸುಗೆಯಲ್ಲಿ ಕಣ್ಣಿಗೆ ಬೀಳುವುದು ಕಿಡಿ. ಕಾಣದೆ ಉಳಿಯುವುದು ಕಡ್ಡಿಯ ಗುಣ. ಅದನ್ನು ತಿಳಿಸುವುದು ಲೇಪದ ಮೇಲೆ ಅಚ್ಚಾದ ಅಂಕೆ. ಇ 7018 ಎಂಬಲ್ಲಿ 70, ಚದರ ಅಂಗುಲಕ್ಕೆ 70,000 ಪೌಂಡುಗಳ ಕರ್ಷಣಬಲ. ಕೊನೆಯ 8, ಅಲ್ಪ ಜಲಜನಕದ ಲೇಪ. ಈ ಲೇಪವು ತೇವವನ್ನು ಹೀರಿದರೆ ವಿದ್ಯುಚ್ಚಾಪದ ಉರಿಯಲ್ಲಿ ಜಲಜನಕವು ಉಕ್ಕಿನೊಳಗೆ ಸೇರುತ್ತದೆ. ಹೊರಗೆ ನಯವಾಗಿ ಕಂಡ ಬೆಸುಗೆಯೂ ಗಂಟೆಗಳೋ ದಿನಗಳೋ ಕಳೆದ ಮೇಲೆ ಒಳಗೊಳಗೇ ಬಿರುಕುಬಿಡಬಹುದು.

ಆದುದರಿಂದ ಬಲ್ಲ ಬೆಸುಗೆಗಾರನು ಡಬ್ಬಿಯಿಂದ ತೆಗೆದ ಇಂತಹ ಕಡ್ಡಿಗಳನ್ನು ಬಿಸಿಪೆಟ್ಟಿಗೆಯಲ್ಲಿಟ್ಟು ಕಾಪಾಡುತ್ತಾನೆ. ಒಡೆದ ಎರಕದ ಕಬ್ಬಿಣಕ್ಕೆ ನಿಕ್ಕಲ್ ಕಡ್ಡಿಯನ್ನು ಆರಿಸುತ್ತಾನೆ. ಅಂಕೆ ಅಳಿಸಿದ ಕಡ್ಡಿಯನ್ನು ಸೇತುವೆಗಾಗಲಿ ಬಾಯ್ಲರಿಗಾಗಲಿ ಮುಟ್ಟಿಸನು. ಆ ಹೊತ್ತಿನಲ್ಲಿ ಅವನನ್ನು ನೋಡುವವರು ಯಾರೂ ಇರಲಿಕ್ಕಿಲ್ಲ. ಸೇತುವೆಯನ್ನು ದಾಟುವವರು ಅವನ ಹೆಸರನ್ನೂ ಅರಿಯರು. ಆದರೂ ಅವರ ಪ್ರಾಣ ಅವನ ಕೈಯಲ್ಲಿದೆ. ಕಾಯಕದ ಶುದ್ಧಿಯೆಂದರೆ ಇದೇ.